ಹಿರಿಯರೊಬ್ಬರು ಹೋಗಿ ತಿಳಿಸಿದರು

ಐದನೆಯ ಆರೋಪದ ಹತ್ತಿರ ಬಂದಾಗಲೆಲ್ಲ ಅವನಿಗೆ ಯಾರದಾದರೂ ಕನ್ನಡಕ ರಿಪೇರಿ ಮಾಡಬೇಕು ಅನ್ನಿಸುತ್ತಿತ್ತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗಿನಿಂದ ಇದು ಮೂರನೆಯ ಸಲ. ಮೊದಲ ನಾಲ್ಕಕ್ಕೆ ಉತ್ತರ ಬರೆದು ಮುಗಿಸಿದ್ದ. ಅಕ್ಷರ ದುಂಡಗಿತ್ತು, ಮಾತು ಹದವಾಗಿತ್ತು, ಎಲ್ಲಿಯೂ ಕೋಪ ಇಣುಕಿರಲಿಲ್ಲ. ಆಮೇಲೆ ಹಾಳೆಯ ಎಡಕ್ಕೆ ಐದು ಎಂದು ಹಾಕಿ, ಅದಕ್ಕೊಂದು ಸುತ್ತು ಎಳೆದು, ಆ ಸುತ್ತನ್ನೇ ತಿದ್ದಿ ತಿದ್ದಿ ದಪ್ಪ ಮಾಡುತ್ತ ಕೂತವನು ಪೆನ್ನಿನ ಮುಚ್ಚಳ ಹಾಕಿ ರಿಪೇರಿಯ ಟ್ರೇಯನ್ನು ಹತ್ತಿರ ಎಳೆದುಕೊಂಡ. ಯಾರೋ ಕೊಟ್ಟುಹೋದ ಕನ್ನಡಕದ ಕಡ್ಡಿ ಸಡಿಲವಾಗಿತ್ತು. ಸಾಸಿವೆಗಿಂತ ತುಸು ದೊಡ್ಡದಾದ ಸ್ಕ್ರೂ ಚಿಮುಟದ ತುದಿಯಿಂದ ಜಾರಿ ನೆಲಕ್ಕೆ ಬಿತ್ತು. ದಿನಕ್ಕೆರಡು ಸಲ ಹೀಗೆ ಮಂಡಿಯೂರಿ ನೆಲ ಸವರುವವನೇ. ಇವತ್ತು ಮಾತ್ರ ಗಾಜಿನ ಬಾಗಿಲಿನಾಚೆ ನಡೆದುಹೋಗುವವರು ಯಾರಾದರೂ ನೋಡಿಬಿಟ್ಟರೆ ಎಂದು ನಾಚಿಕೆಯಾಯಿತು. ನೋಡಿದರೆ ಏನಂತೆ, ಕನ್ನಡಕದ ಅಂಗಡಿಯವನು ಸ್ಕ್ರೂ ಹುಡುಕುತ್ತಿದ್ದಾನೆ ಅಂದುಕೊಳ್ಳುತ್ತಾರೆ, ಅಷ್ಟೇ. ಸ್ಕ್ರೂ ಸಿಗಲಿಲ್ಲ.

ಹೆಂಡತಿಯ ತಂಗಿ ಅವರ ಕ್ರೈಸ್ತ ಸಭೆ ಬಿಟ್ಟು ಎರಡು ವರ್ಷವಾಗಿತ್ತು. ಬಿಟ್ಟವಳು ಸುಮ್ಮನಿದ್ದಳು ಎಂದುಕೊಂಡು ಇವರೂ ಸುಮ್ಮನಿದ್ದರು. ಹೋದ ವಾರ ಊರಿನ ವಾರಪತ್ರಿಕೆಯಲ್ಲಿ 'ನಾನು ಬಿಟ್ಟುಬಂದ ಸಭೆ' ಎಂದು ಇಡೀ ಒಂದು ಪುಟ ಬರೆದುಬಿಟ್ಟಳು. ಸಾಲಾಗಿ ಏಳು ಆರೋಪ. ಸಭೆಯ ಪಾಲಕರು, ಅಂದರೆ ಪಾದ್ರಿಗಳು, ಇವನೂ ಸೇರಿದಂತೆ ಹಿರಿಯರನ್ನೆಲ್ಲ ಕೂರಿಸಿಕೊಂಡು, ಇದಕ್ಕೆ ಕೂಗಾಡುವುದು ಬೇಡ, ಶಾಂತವಾಗಿ ಉತ್ತರ ಕೊಡೋಣ ಎಂದರು. ಬರೆಯುವವರು ಯಾರು ಎಂದಾಗ ಎಲ್ಲರೂ ಇವನ ಕಡೆ ತಿರುಗಿದರು. ಸಭೆಯ ಕಾಗದಪತ್ರವೆಲ್ಲ ಇವನ ಕೈಯಲ್ಲೇ ಆಗುವುದು. ಮೇಲಾಗಿ ಅವಳು ನಾದಿನಿ, ಮನೆಯವರೇ ಉತ್ತರ ಕೊಟ್ಟರೆ ಊರು ನಂಬುತ್ತದೆ. ಇವತ್ತು ನಾಲ್ಕು ಗಂಟೆಯೊಳಗೆ ಪತ್ರಿಕೆಯ ಕಚೇರಿಗೆ ಮುಟ್ಟಿಸಬೇಕು. ನಾಲ್ಕು ದಾಟಿದರೆ ಇನ್ನೊಂದು ವಾರ. ಅಷ್ಟರಲ್ಲಿ ಊರು ತನ್ನ ತೀರ್ಪನ್ನು ತಾನೇ ಕೊಟ್ಟುಕೊಂಡಿರುತ್ತದೆ.

ಬರೆಯಲು ಅವನಿಗೆ ಒಳಗಿಂದಲೇ ಆಸೆಯಿತ್ತು ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಸಭೆಯನ್ನು ಅವನು ಪ್ರೀತಿಸುತ್ತಿದ್ದ, ತಾಯಿಯನ್ನು ಪ್ರೀತಿಸಿದ ಹಾಗೆ, ಅವಳ ಗೊರಕೆ ಸಮೇತ. ಹದಿನೈದು ವರ್ಷದ ಹಿಂದೆ ಅಂಗಡಿಗೆ ಬೆಂಕಿ ಬಿದ್ದಾಗ, ಕರಗಿ ಮುದ್ದೆಯಾದ ಫ್ರೇಮುಗಳ ನಡುವೆ ಅವನು ಕೂತಿದ್ದ ಮಧ್ಯಾಹ್ನ, ಸಭೆಯ ಹನ್ನೊಂದು ಗಂಡಸರು ಹೇಳದೆ ಕೇಳದೆ ಪೊರಕೆ ಬಕೆಟು ಹಿಡಿದು ಬಂದರು. ಯಾರೂ ಸಮಾಧಾನ ಹೇಳಲಿಲ್ಲ. ಮಸಿ ಉಜ್ಜಿದರು. ಈಗ ಕೂತಿರುವ ಈ ಮೇಜನ್ನು ಬಡಗಿ ಹಿರಿಯರೊಬ್ಬರು ಮಾಡಿ ಹೊತ್ತು ತಂದಿಟ್ಟದ್ದು. ಅಂಥ ಜನರನ್ನು ಇವಳು 'ಬಾಗಿಲು ಹಾಕಿಕೊಂಡು ಬದುಕುವವರು' ಎಂದು ಬರೆದಿದ್ದಳು. ಹೆಂಗಸರಿಗೆ ಬಾಯಿಲ್ಲ ಎಂದು ಬರೆದಿದ್ದಳು. ವಾರ್ಷಿಕ ಕೂಟದಲ್ಲಿ ಎದ್ದುನಿಂತು ಅರ್ಧಗಂಟೆ ಮಾತಾಡಿದವಳು ಅವಳೇ, ಕೊನೆಗೆ ಪಾಲಕರು ಗಡಿಯಾರ ತೋರಿಸಬೇಕಾಯಿತು. ಬಡವರು ಹಿಂದಿನ ಬೆಂಚಿನಲ್ಲಿ ಎಂದು ಬರೆದಿದ್ದಳು. ಹಿಂದಿನ ಬೆಂಚಿಗೆ ಎಲ್ಲರಿಗಿಂತ ಮೊದಲು ಬಂದು ಕೂರುವವರು ಡಾಕ್ಟರು, ಬೇಗ ಎದ್ದುಹೋಗಲು ಅನುಕೂಲ ಅಂತ. ಇವನ್ನೆಲ್ಲ ಬರೆಯುವಾಗ ಪೆನ್ನು ಓಡಿತು. ಒಂದೆರಡು ಕಡೆ ತನಗೇ ನಗು ಬಂತು. ಅವಳು ನ್ಯಾಯವಾಗಿ ಬರೆದಿರಲಿಲ್ಲ, ಅದು ಸತ್ಯ. ಆದರೆ ಐದನೆಯದು ಬೇರೆ.

ಆ ಸಭೆಯಲ್ಲಿ ತಿಂಗಳಿಗೊಮ್ಮೆ ಎಲ್ಲರೂ ಒಂದೇ ರೊಟ್ಟಿ ಮುರಿದು ತಿನ್ನುವ ಪ್ರಭುಭೋಜನದ ದಿನ ರೊಟ್ಟಿಯ ತಟ್ಟೆಯನ್ನು ಪಾಲಕರು ಹಂಚುವುದಿಲ್ಲ. ಬೆಂಚಿನ ಈ ತುದಿಯಿಂದ ಆ ತುದಿಗೆ ಅದು ಕೈಯಿಂದ ಕೈಗೆ ಹೋಗುತ್ತದೆ. ಪಕ್ಕದವರ ಕೈಗೆ ಕೊಡುವಾಗ 'ನಿನಗಾಗಿ' ಅನ್ನಬೇಕು. ಸಭೆಯ ನಿಯಮ ಮೀರಿದವರನ್ನು ಮೂರು ತಿಂಗಳು 'ದಾಟಿಸುತ್ತಾರೆ'. ತಟ್ಟೆ ಅವರ ಮಡಿಲಿನ ಮೇಲಿಂದ ಆಚೆಯವರಿಗೆ ಹೋಗುತ್ತದೆ. ಹೊರಗಿನವರಿಗೆ ಕ್ರೂರ ಅನ್ನಿಸಬಹುದು. ಅದಕ್ಕೇ ಹಿಂದಿನವರು ಒಂದು ಕಟ್ಟಳೆ ಮಾಡಿಟ್ಟಿದ್ದರು: ಆ ಭಾನುವಾರಕ್ಕೆ ಮೊದಲು ಒಬ್ಬ ಹಿರಿಯ ಅವರ ಮನೆಗೆ ಹೋಗಿ, ಎದುರು ಕೂತು, ಬಾಯಿಬಿಟ್ಟು ಹೇಳಬೇಕು. ಬರುವುದು ಬಿಡುವುದು, ಬಂದರೆ ಎಲ್ಲಿ ಕೂರುವುದು, ಅವರಿಗೆ ಸೇರಿದ್ದು. ಹೇಳದೆ ದಾಟಿಸಬಾರದು. ನಾದಿನಿ ಕೆಲಸ ಮಾಡುತ್ತಿದ್ದ ಲಾಂಡ್ರಿಯ ಮಾಲೀಕ ಇದೇ ಸಭೆಯವನು. ಅಲ್ಲಿ ಇಸ್ತ್ರಿ ಯಂತ್ರಕ್ಕೆ ಕೈ ಸಿಗದಂತೆ ತಡೆಯುವ ಪಟ್ಟಿ ಮುರಿದಿದ್ದು ಒಬ್ಬಳ ಕೈ ಸುಟ್ಟಿತು. ನಾದಿನಿ ಕಾರ್ಮಿಕರ ಕೋರ್ಟಿಗೆ ಹೋಗಿ ಕಂಡದ್ದನ್ನು ಕಂಡ ಹಾಗೆ ಸಾಕ್ಷಿ ಹೇಳಿದಳು. ಸಭೆಯವರು ಸಭೆಯವರ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಬಾರದು ಅನ್ನುವುದು ನಿಯಮ. ದಾಟಿಸಬೇಕೆಂದು ತೀರ್ಮಾನವಾಯಿತು. ಅದರ ಬಗ್ಗೆ ಅವಳು ತಕರಾರು ಎತ್ತಿರಲಿಲ್ಲ. 'ನಿಯಮ ಮುರಿದೆ, ಒಪ್ಪುತ್ತೇನೆ,' ಎಂದೇ ಬರೆದಿದ್ದಳು. 'ಆದರೆ ತಟ್ಟೆ ನನ್ನನ್ನು ದಾಟಿ ಹೋಗುತ್ತದೆ ಎಂದು ಒಬ್ಬರೂ ನನಗೆ ಮೊದಲೇ ಹೇಳಲಿಲ್ಲ. ಎಲ್ಲರ ಎದುರಿಗೆ ಕೈ ಚಾಚಿಕೊಂಡು ಕೂತಿದ್ದೆ.'

ಹಿರಿಯರ ಪುಸ್ತಕದಲ್ಲಿ ಆ ವಾರದ ಪುಟದಲ್ಲಿ ಒಂದು ಸಾಲಿತ್ತು: ಹಿರಿಯರೊಬ್ಬರು ಹೋಗಿ ತಿಳಿಸಿದರು. ಅಕ್ಷರ ಅವನದೇ. ಹೋದವನೂ ಅವನೇ. ತಿಳಿಸಿರಲಿಲ್ಲ.

ಬಾಗಿಲ ಗಂಟೆ ಅಲುಗಿತು. ಓದುವ ಕನ್ನಡಕಕ್ಕೆ ಕೊಟ್ಟಿದ್ದ ನಿವೃತ್ತ ಮೇಷ್ಟರು ಬಂದು ಕುರ್ಚಿಯಲ್ಲಿ ಕೂತರು. ಅವನು ಹೊಸ ಕನ್ನಡಕ ಒರೆಸಿ ಅವರ ಕಿವಿಗೆ ಏರಿಸಿದ. ಓದಿ ನೋಡಲು ಕೊಡುವ ಕಾರ್ಡು ಎಲ್ಲಿ ಎಂದು ಅವನು ಡ್ರಾಯರು ಎಳೆಯುವಷ್ಟರಲ್ಲಿ ಮೇಷ್ಟರು ಮೇಜಿನ ಮೇಲಿದ್ದ ಪತ್ರಿಕೆಯನ್ನೇ ಎತ್ತಿಕೊಂಡಿದ್ದರು. ತರಗತಿಯಲ್ಲಿ ಓದಿದಂತೆ ಗಟ್ಟಿಯಾಗಿ ಓದತೊಡಗಿದರು: "ಆ ವಾರ ಆ ಸಭೆಯಿಂದ ನನ್ನ ಮನೆಗೆ ಬಂದವರು ಒಬ್ಬರೇ. ನನ್ನ ಕನ್ನಡಕ ಸರಿಮಾಡಿಕೊಟ್ಟು, ಒಂದು ಚುಚ್ಚುಮಾತೂ ಆಡದೆ ಹೋದರು. ಇಲ್ಲಿ ಬರೆದ ಯಾವುದೂ ಅವರಿಗೆ ತಾಗುವುದಿಲ್ಲ." ಕನ್ನಡಕ ಕೆಳಗಿಳಿಸಿ ಅವನನ್ನು ನೋಡಿದರು. "ಇದು ನೀವೇ ಅಲ್ವೇನ್ರೀ? ಇಡೀ ಸಭೆಗೆ ಬೈದು ಒಬ್ಬರನ್ನ ಹೊಗಳಿದ್ದಾಳೆ ಅಂದ್ರೆ, ಆ ಒಬ್ಬರು ದೊಡ್ಡ ಮನುಷ್ಯರೇ ಬಿಡಿ."

"ಮೂಗಿನ ಮೇಲೆ ಒತ್ತುತ್ತಾ ಇದೆಯಾ?" ಎಂದ ಅವನು.

"ಇಲ್ಲಪ್ಪ, ಹೂವಿನ ಹಾಗಿದೆ."

ಆದರೂ ಅವನು ಕನ್ನಡಕ ಬಿಚ್ಚಿಸಿ, ಬಿಸಿ ಮರಳಿನ ತಟ್ಟೆಯಲ್ಲಿ ಕಡ್ಡಿ ಕಾಯಿಸಿ, ಬಗ್ಗಿಸುವ ಅಗತ್ಯವಿಲ್ಲದ್ದನ್ನು ಬಗ್ಗಿಸಿ, ಮತ್ತೆ ಮೊದಲಿನಂತೆ ಮಾಡಿ ಕೊಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ನೀನು ಕಳ್ಳನಲ್ಲ ಎಂದು ಅಚ್ಚು ಹಾಕಿಸಿದರೆ ಆ ಬಡಪಾಯಿ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾವ ಗಾದೆಯೂ ಹೇಳುವುದಿಲ್ಲ. ನಾದಿನಿ ಬೈದಿದ್ದರೆ ಬೈಗುಳಕ್ಕೆ ಉತ್ತರ ಬರೆಯಬಹುದಿತ್ತು. ಎರಡು ವರ್ಷದ ಹಿಂದೆ, ಗುರುವಾರದ ಆ ಸಂಜೆ ಅವಳ ಮನೆಯ ಬಾಗಿಲು ತಟ್ಟುವಾಗ ಹೇಳಬೇಕಾದ ಮಾತು ನಾಲಗೆಯ ತುದಿಯಲ್ಲೇ ಇತ್ತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದ. ಅವಳು ಬಾಗಿಲು ತೆಗೆದಳು. ಕನ್ನಡಕದ ಒಂದು ಕಡ್ಡಿಯ ಸ್ಕ್ರೂ ಕಳಚಿದ್ದು ಅದರ ಬದಲು ದಾರ ಕಟ್ಟಿಕೊಂಡಿದ್ದಳು. ಕೆಲಸ ಹೋಗಿ ಹತ್ತು ದಿನ. ಮುಖ ಅರ್ಧಕ್ಕೆ ಇಳಿದಿತ್ತು. "ಭಾವ! ನೀವಾದ್ರೂ ಬಂದ್ರಲ್ಲ," ಎಂದಳು. ಅಷ್ಟೇ, ಬಾಯಿಗೆ ಬೀಗ ಬಿತ್ತು. ಆ ಕನ್ನಡಕ ಕೊಡು ಇಲ್ಲಿ ಎಂದ. ಜೇಬಿನಲ್ಲಿ ಸದಾ ಇರುವ ಪುಟ್ಟ ಸ್ಕ್ರೂಡ್ರೈವರ್ ತೆಗೆದ. ಅವಳು ಟೀ ಮಾಡಿದಳು. ಈಗ ಹೇಳುತ್ತೇನೆ, ಟೀ ಮುಗಿದ ಮೇಲೆ ಹೇಳುತ್ತೇನೆ, ಚಪ್ಪಲಿ ಹಾಕಿಕೊಳ್ಳುವಾಗ ಹೇಳುತ್ತೇನೆ. ಚಪ್ಪಲಿ ಹಾಕಿಕೊಳ್ಳುವಾಗ ಅವಳು ನಗುತ್ತಿದ್ದಳು. ನಾಳೆ ಹೇಳಿದರಾಯಿತು ಎಂದು ಬಂದುಬಿಟ್ಟ. ಶುಕ್ರವಾರ ಅಂಗಡಿಯಲ್ಲಿ ಜನವೋ ಜನ. ಶನಿವಾರ ಸಂಜೆ ಪಾಲಕರು ಪುಸ್ತಕ ಬಿಚ್ಚಿ "ತಿಳಿಸಿದಿರಾ?" ಎಂದು ಕೇಳಿದಾಗ "ಹೂಂ" ಎಂದ. ಇಷ್ಟಾದ ಮೇಲೆ ಅವಳೇನು ಸಭೆಯ ಕಡೆ ತಲೆಹಾಕುತ್ತಾಳೆಯೇ, ಬರುವವಳಲ್ಲ, ಬಾರದವಳಿಗೆ ಹೇಳಿದರೇನು ಬಿಟ್ಟರೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅವಳು ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಸರಿಮಾಡಿಕೊಟ್ಟ ಕನ್ನಡಕ ಹಾಕಿಕೊಂಡು, ಎಂದಿನಂತೆ ಅಕ್ಕನ ಪಕ್ಕದಲ್ಲಿ ಕೂತಳು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ. ಹೆಂಡತಿ ತಟ್ಟೆಗೆ ಬಡಿಸಿ ಎದುರು ಕೂತಳು. ತಂಗಿಯ ಬರಹವನ್ನು ಅವಳು ಮುಟ್ಟುವುದಿಲ್ಲ ಎಂದಿದ್ದಳು. ಪತ್ರಿಕೆಯನ್ನು ಮಡಿಸಿ ಕಪಾಟಿನ ತಳಕ್ಕೆ ಹಾಸಿದ್ದಳು. ಎರಡು ವರ್ಷದಿಂದ ಆ ಮನೆಯಲ್ಲಿ ತಂಗಿಯ ಮಾತು ಬಂದರೆ 'ಅವಳು' ಅಷ್ಟೇ.

"ಬರೆದಾಯ್ತಾ?"

"ಆಗ್ತಾ ಇದೆ."

"ಐದನೇದು?"

ಅವನು ತಲೆಯೆತ್ತಿದ. ಅವಳು ಕಣ್ಣು ತಪ್ಪಿಸಿ, ಚೆಲ್ಲದೇ ಇದ್ದ ನೀರನ್ನು ಸೆರಗಿನಿಂದ ಒರೆಸಿದಳು. ಓದಿದ್ದಾಳೆ. ಒಂದು ಸಲವಲ್ಲ, ನಾಲ್ಕಾರು ಸಲ ಓದಿದ್ದಾಳೆ.

"ಸಣ್ಣವಳಿದ್ದಾಗ ಲೋಟ ಒಡೆದರೆ ತಾನೇ ಚೂರು ಹಿಡ್ಕೊಂಡು ಅಮ್ಮನ ಹತ್ರ ಹೋಗಿ ನಿಲ್ತಿದ್ದಳು ರೀ," ಎಂದಳು. "ಹೊಡೀತಾರೆ, ಓಡಿಹೋಗೇ ಅಂದ್ರೂ ಹೋಗ್ತಿರಲಿಲ್ಲ. ಅಂಥವಳು ಇಷ್ಟು ದೊಡ್ಡ ಸುಳ್ಳನ್ನ ಪೇಪರಲ್ಲಿ ಹಾಕಿಸೋದನ್ನ ಎಲ್ಲಿ ಕಲಿತಳೋ. ನೀವು ಹೋಗಿ ಹೇಳಿದ ಮೇಲೂ ಬಂದಳಲ್ಲ, ಬಂದು ಬೇರೆ ಎಲ್ಲೂ ಅಲ್ಲ, ನನ್ನ ಪಕ್ಕದಲ್ಲೇ ಕೂತಳಲ್ಲ. ನನ್ನ ಕೈಯಲ್ಲೇ ಮಾಡಿಸಬೇಕು ಅಂತ. ಕೈ ಬೇರೆ ಚಾಚಿದಳು. ಹೆಂಗೆ ದಾಟಿಸ್ತೀಯೋ ದಾಟಿಸು ನೋಡೋಣ ಅನ್ನೋ ಹಾಗೆ."

ಆ ಭಾನುವಾರ ಆರಾಧನೆಗೆ ಮುಂಚೆ ಮೆಟ್ಟಿಲ ಹತ್ತಿರ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಬಂದರೆ ದಾಟಿಸಬೇಕು ಎಂದು ಹೇಳಿದವನು ಅವನೇ. ಅಕ್ಕಪಕ್ಕ ಕೂರುವವರಿಗೆ ಹೇಳಿಡುವುದು ಪದ್ಧತಿ. "ಅವಳಿಗೆ ಗೊತ್ತಿದೆ ತಾನೆ?" ಎಂದು ಹೆಂಡತಿ ಕೇಳಿದ್ದಳು. "ಹೇಳಿ ಬಂದಿದ್ದೀನಿ," ಎಂದಿದ್ದ. ಹಿರಿಯರ ಬೆಂಚು ಜನಕ್ಕೆ ಎದುರಾಗಿರುತ್ತದೆ; ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ತಟ್ಟೆ ಹಿಡಿದ ಹೆಂಡತಿಯ ಕೈ ತಂಗಿ ಚಾಚಿದ ಕೈಯ ಮೇಲಿಂದ ಹೋದದ್ದು. ತಟ್ಟೆ ಆಚೆಗೆ ಹೋದ ಮೇಲೂ ನಾದಿನಿ ಕೈ ಮಡಚದೆ, ಏನೋ ಮರೆತಿದ್ದಾರೆ, ಈಗ ನೆನಪಾಗಿ ಹಿಂದಕ್ಕೆ ಕೊಡುತ್ತಾರೆ ಅನ್ನುವಂತೆ ಅಕ್ಕನ ಮುಖ ನೋಡುತ್ತ ಕೂತದ್ದು. ಈಗ ಹೇಳಬೇಕು, ಈ ಕ್ಷಣ, ಹೆಂಡತಿ ಊಟಕ್ಕೆ ಎದುರು ಕೂತಿರುವಾಗ.

"ಉಪ್ಪು ಕೊಡು," ಎಂದ.

"ಕಡಿಮೆಯಾಗಿದೆಯಾ?" ಎಂದು ಅವಳು ಗಾಬರಿಯಿಂದ ಎದ್ದಳು. ಉಪ್ಪು ಸರಿಯಾಗಿತ್ತು. ಹಾಕಿಕೊಂಡು, ಉಪ್ಪಾದ ಅನ್ನವನ್ನು ಒಂದು ಅಗುಳೂ ಬಿಡದೆ ಉಂಡ.

ಎರಡೂವರೆಗೆ ಪಾಲಕರು ಅಂಗಡಿಗೇ ಬಂದರು. ಒಳ್ಳೆಯ ಮನುಷ್ಯ. ಎಪ್ಪತ್ತು ದಾಟಿದ್ದರೂ ಯಾರ ಮನೆಯಲ್ಲಿ ಜ್ವರ ಅಂದರೂ ನಡೆದೇ ಹೋಗುವವರು. ಅವರ ಚಪ್ಪಲಿಯ ಹಿಮ್ಮಡಿ ಯಾವಾಗಲೂ ಸವೆದಿರುತ್ತಿತ್ತು. ಗಿರಾಕಿಯ ಕುರ್ಚಿಯಲ್ಲಿ ಕೂತು ನಾಲ್ಕು ಉತ್ತರಗಳನ್ನೂ ಓದಿ, ಡಾಕ್ಟರ ಹಿಂದಿನ ಬೆಂಚಿನ ಹತ್ತಿರ ನಕ್ಕರು. "ಭೇಷ್. ಒಂದು ಬಿರುಸು ಮಾತಿಲ್ಲ. ಇಷ್ಟು ತಾಳ್ಮೆ ನನಗೂ ಇರ್ತಿರಲಿಲ್ಲ," ಎಂದರು. ಹಾಳೆ ತಿರುಗಿಸಿದರು. "ಐದು ಎಲ್ಲಿ? ಅದೇ ಅಲ್ವೇ ಎಲ್ಲಕ್ಕಿಂತ ಸುಲಭ! ಒಬ್ಬರೇ ಬಂದಿದ್ದರು, ಕನ್ನಡಕ ಸರಿಮಾಡಿದರು ಅಂತ ಅವಳೇ ಬರೆದುಕೊಂಡಿದ್ದಾಳೆ. ಈ ಊರಲ್ಲಿ ಕನ್ನಡಕ ಸರಿಮಾಡೋರು ಇನ್ಯಾರಿದ್ದಾರೆ? ತನ್ನ ಬಲೆಗೆ ತಾನೇ ಬಿದ್ದಿದ್ದಾಳೆ ಪಾಪ."

"ಅಯ್ಯನವರೇ, ನಾನು ಅವತ್ತು ಹೇಳಲಿಲ್ಲ."

"ಏನು ಹೇಳಲಿಲ್ಲ?"

"ಹೋಗಿದ್ದೆ. ಹೇಳೋಕೆ ಬಾಯಿ ಬರಲಿಲ್ಲ. ನೀವು ಕೇಳಿದಾಗ ಹೂಂ ಅಂದೆ. ಅವಳು ಬರೆದಿರೋದು ನಿಜ."

ಎದುರು ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ ಇತ್ತು. ಪಾಲಕರ ದೃಷ್ಟಿ ದೊಡ್ಡ ಅಕ್ಷರದಿಂದ ಸಾಲು ಸಾಲಾಗಿ ಕೆಳಕ್ಕೆ ಇಳಿದು, ಓದಲಾಗದ ಕಡೆ ನಿಂತಿತು. ಅವನು ಕಾಯುತ್ತ ನಿಂತ. ಬೈಯಲಿ ಎಂದು ಕಾಯುತ್ತಿದ್ದ. ಹಿರಿಯರ ಬೆಂಚಿನಿಂದ ಇಳಿ ಅನ್ನಲಿ, ಮೂರು ತಿಂಗಳಲ್ಲ ಮೂರು ವರ್ಷ ದಾಟಿಸಲಿ. ಒಳಗೊಳಗೆ ಅದಕ್ಕೆ ಅಣಿಯಾಗಿ, ತಲೆ ತಗ್ಗಿಸಿದ ತನ್ನ ಭಂಗಿಯನ್ನೂ ಸರಿಮಾಡಿಕೊಂಡಿದ್ದ.

"ಎರಡು ವರ್ಷ ಇದನ್ನ ಹೊತ್ಕೊಂಡು ಓಡಾಡಿದ್ರಾ?" ಎಂದರು ಪಾಲಕರು ಕೊನೆಗೆ, ಮೆತ್ತಗೆ. ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಕಣ್ಣುಮುಚ್ಚಿ ನಾಲ್ಕು ಮಾತು ಪ್ರಾರ್ಥಿಸಿದರು. ಆಮೇಲೆ ಮತ್ತೆ ಕೂತು, ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡರು. "ನೋಡಿ, ದೇವರ ಹತ್ರ ಲೆಕ್ಕ ಬೇರೆ, ಪೇಪರಿನವರ ಹತ್ರ ಬೇರೆ. ಇದು ಅಚ್ಚಾದ್ರೆ ಊರು ನಿಮ್ಮನ್ನ ಅನ್ನೋದಿಲ್ಲ, ಸಭೆಯನ್ನ ಅನ್ನುತ್ತೆ. ಹಿರಿಯರೇ ಸುಳ್ಳರು ಅನ್ನುತ್ತೆ. ಆ ಮುದುಕಿಯರು, ಆ ಮಕ್ಕಳು, ಅವರೇನು ಮಾಡಿದ್ದಾರೆ? ತಿಳಿಸಿದರು ಅಂತ ಬರೆಯೋದು ಬೇಡ. ಸುಳ್ಳು ನಾನು ಬರೆಸಲ್ಲ. ಹಿರಿಯರೊಬ್ಬರು ಅವರ ಮನೆಗೆ ಹೋಗಿದ್ದರು, ಅಂತ ಹಾಕಿ. ಹೋಗಿದ್ದು ನಿಜ ತಾನೆ?"

"ನಿಜ."

"ಹಾವೂ ಸಾಯಲಿ, ಕೋಲೂ ಉಳೀಲಿ."

"ನನ್ನ ಹೆಂಡತಿಗೆ..."

"ಅವರಿಗೀಗ ಹೇಳಿ ಆಗೋದೇನಿದೆ? ಗಾಯ ಮಾಗ್ತಾ ಇರುತ್ತೆ. ಕೆರೆಯೋದು ಬೇಡ." ಬಾಗಿಲ ಹತ್ತಿರ ಹೋದವರು ತಿರುಗಿ, "ನಾಲ್ಕು ಗಂಟೆ, ಮರೀಬೇಡಿ," ಎಂದರು.

ಹತ್ತೇ ನಿಮಿಷದಲ್ಲಿ ಐದು, ಆರು, ಏಳು ಮುಗಿದವು. ಹಗುರ ಅನ್ನಿಸಿತು, ನಾಚಿಕೆಯಾಗುವಷ್ಟು ಹಗುರ. ಲಕೋಟೆಯನ್ನು ಜೇಬಿನಲ್ಲಿಟ್ಟು, ಅಂಗಡಿಯ ಬಾಗಿಲೆಳೆದು, ಪತ್ರಿಕೆಯ ಕಚೇರಿಯ ದಾರಿ ಹಿಡಿದ. ಚಪ್ಪಲಿ ಹೊಲಿಯುವವನು, ಬೀಗದ ಕೈ ಮಾಡುವವನು, ಎಲ್ಲರೂ ಎಂದಿನಂತೆ ಕೈಯೆತ್ತಿದರು, ಅವನೂ ಎತ್ತಿದ. ಬಸ್ ನಿಲ್ದಾಣದ ತಿರುವಿನವರೆಗೆ ಹಗುರಾಗಿಯೇ ಇತ್ತು. ಅಲ್ಲಿ, ರಸ್ತೆ ದಾಟಲು ನಿಂತಿದ್ದಾಗ, ಮಾಡಿದ್ದು ಏನೆಂದು ಹೊಳೆಯಿತು. ಇವತ್ತು ಮಧ್ಯಾಹ್ನದವರೆಗೆ ಸಭೆ ನಿರ್ಮಲವಾಗಿತ್ತು. ಪಾಲಕರು ನಂಬಿದ್ದನ್ನೇ ಹೇಳುತ್ತಿದ್ದರು, ಹೆಂಡತಿ ನಂಬಿದ್ದನ್ನೇ ಹೇಳುತ್ತಿದ್ದಳು, ಊರೆಲ್ಲ ಹುಡುಕಿದರೂ ಸುಳ್ಳು ಇದ್ದದ್ದು ಒಬ್ಬನ ಹೊಟ್ಟೆಯಲ್ಲಿ. ಅದನ್ನು ಅವನು ಪಾಲಕರ ಮುಂದೆ ಕಕ್ಕಿದ, ಅವರು ಪ್ರಾರ್ಥನೆ ಮಾಡಿ ಅದನ್ನು ಎತ್ತಿಕೊಂಡರು. ಈಗ ಅದು ಸಭೆಯ ಸುಳ್ಳು. ಸಭೆಯನ್ನು ಕಾಪಾಡಲು ಹೊರಟವನು ಸಭೆಗೆ ಮಾಡಿದ ಉಪಕಾರ ಇದು. ಯಾರೋ ಹಿಂದಿನಿಂದ, "ದಾಟ್ರೀ, ಎಷ್ಟೊತ್ತು ನಿಲ್ತೀರಿ?" ಎಂದರು. ಅವನು ದಾಟಲಿಲ್ಲ. ಎಡಕ್ಕೆ ತಿರುಗಿ ಆಸ್ಪತ್ರೆಯ ರಸ್ತೆಯಲ್ಲಿ ನಡೆದ.

ನಾದಿನಿ ಈಗ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ ಮಾಡುತ್ತಾಳೆಂದು ಯಾರೋ ಹೇಳಿದ್ದು ನೆನಪಿತ್ತು. ಹಿಂದಿನ ಗೇಟು, ಬಾಯ್ಲರು, ಒದ್ದೆ ಸಿಮೆಂಟು. ಕೋಣೆಯ ತುಂಬ ಎದೆಯೆತ್ತರ ಒಗೆದ ಚಾದರದ ರಾಶಿ, ಬಿಸಿಬಿಸಿ ಹಬೆಯ ವಾಸನೆ. ಅವಳು ಒಬ್ಬಳೇ ಇದ್ದಳು. ಅವನನ್ನು ಕಂಡವಳೇ ಕೈಯಲ್ಲಿದ್ದ ಚಾದರ ಬಿಟ್ಟುಬಿಟ್ಟಳು.

"ಭಾವ? ಅಕ್ಕ... ಅಕ್ಕನಿಗೆ ಏನಾಯ್ತು?"

"ಏನೂ ಆಗಿಲ್ಲ. ಚೆನ್ನಾಗಿದ್ದಾಳೆ. ಊಟ ಮಾಡ್ಕೊಂಡು ಬಂದೆ."

ಅವಳು ಉಸಿರು ಬಿಟ್ಟು, ಬಗ್ಗಿ ಚಾದರ ಎತ್ತಿಕೊಂಡಳು. ಮುಖ ಬಿಗಿಯಾಯಿತು. "ಹಾಗಿದ್ರೆ ಬರೆದಿದ್ದಕ್ಕೆ ಜಗಳ ಆಡೋಕೆ ಬಂದಿದ್ದೀರಿ. ಆಡಿ. ಆದ್ರೆ ಐದೂವರೆಗೆ ಇಷ್ಟೂ ವಾರ್ಡಿಗೆ ಹೋಗಬೇಕು, ಜೊತೆಯವಳು ರಜ ಹಾಕಿದ್ದಾಳೆ. ಆ ತುದಿ ಹಿಡ್ಕೊಳ್ಳಿ."

ಅವನು ಎರಡು ಮೂಲೆ ಹಿಡಿದ. ಅವಳು ಎರಡು ಹಿಡಿದಳು. ಬಿಗಿಯಾಗಿ ಎಳೆದು, ಉದ್ದಕ್ಕೆ ಮಡಚಿ, ಮತ್ತೆ ಮಡಚಿ, ಇಬ್ಬರೂ ಹತ್ತಿರ ಬಂದು ಅವನ ಮೂಲೆಗಳನ್ನು ಅವಳ ಕೈಗೆ ಕೊಡಬೇಕು. ಅವಳು ಅದನ್ನು ರಾಶಿಗೆ ಹಾಕುವಾಗ ಅವನು ಹಿಂದಕ್ಕೆ ಹೋಗಿ ಇನ್ನೊಂದರ ಮೂಲೆ ಹುಡುಕಬೇಕು. ಮೊದಲನೆಯದನ್ನು ತಪ್ಪಾಗಿ ಮಡಚಿದ, ಬಿಚ್ಚಿಸಿದಳು. ಮೂರನೆಯದಕ್ಕೆ ಕೈ ಕೂಡಿಬಂತು. ನಾಲ್ಕನೆಯದರಲ್ಲಿ, ದೂರದ ತುದಿಯಲ್ಲಿದ್ದಾಗ, ಹೇಳಿದ. ಗುರುವಾರ ಬಂದದ್ದು ಕನ್ನಡಕ ಸರಿಮಾಡಲು ಅಲ್ಲ; ಸಭೆ ಕಳಿಸಿತ್ತು; ಟೀ ಮುಗಿದ ಮೇಲೆ ಹೇಳೋಣ ಎಂದುಕೊಂಡು ಹೇಳದೆ ಹೋದೆ; ಹೇಳಿದೆನೆಂದು ಬರೆದೆ. ಅವಳು ಚಾದರ ಎಳೆದು ಹಿಡಿದಳು, ಮಡಚಿದಳು, ಮತ್ತೆ ಮಡಚಿದಳು, ಹತ್ತಿರ ಬಂದು ಅವನ ಕೈಯಿಂದ ಮೂಲೆಗಳನ್ನು ತೆಗೆದುಕೊಂಡಳು. ಅಲ್ಲೇ ನಿಂತಳು.

"ನಾನು ಅವತ್ತು ಬರೋದಿಲ್ಲ ಅಂತ ಇದ್ದೆ, ಭಾವ," ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ಸಭೆಗೆ. ಆ ಭಾನುವಾರ. ಇನ್ನು ಆ ಕಡೆ ಕಾಲಿಡೋದೇ ಬೇಡ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಕೋರ್ಟಿಗೆ ಹೋದಾಗಿನಿಂದ ಒಬ್ಬರೂ ಮಾತಾಡ್ತಿರಲಿಲ್ಲ. ಆಮೇಲೆ ನೀವು ಬಂದ್ರಿ. ಕೂತ್ರಿ. ಟೀ ಕುಡಿದ್ರಿ. ಕನ್ನಡಕ ಸರಿಮಾಡಿದ್ರಿ, ಕೋರ್ಟಿನ ವಿಷಯ ಎತ್ತಲೇ ಇಲ್ಲ. ಹಿರಿಯರೇ ಬಂದು ಇಷ್ಟು ಚೆನ್ನಾಗಿ ಮಾತಾಡಿಸಿದ್ರು ಅಂದ್ರೆ, ಸಭೆಯವರು ಮನಸ್ಸಿಂದ ತೆಗೆದುಹಾಕಿದ್ದಾರೆ ಅಂದ್ಕೊಂಡೆ. ಅದಕ್ಕೇ ತಲೆ ಬಾಚ್ಕೊಂಡು ಬಂದೆ."

ಬಾಯ್ಲರಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಹೇಳದೆ ಇದ್ದದ್ದು ತಪ್ಪು ಎಂದುಕೊಂಡೇ ಎರಡು ವರ್ಷ ತನ್ನನ್ನು ಬೈದುಕೊಂಡಿದ್ದ. ಹೋಗದೆ ಇದ್ದಿದ್ದರೆ ಸಾಕಿತ್ತು ಅನ್ನುವುದು ಅವನಿಗೆ ಎಂದೂ ಹೊಳೆದಿರಲಿಲ್ಲ. ತಾನು ಕರುಣೆ ಎಂದು ಕರೆದುಕೊಂಡದ್ದೇ ಅವಳನ್ನು ಕೈಹಿಡಿದು ಆ ಬೆಂಚಿನವರೆಗೆ ಕರೆತಂದು ಕೂರಿಸಿತ್ತು.

"ಇದನ್ನ ಯಾಕೆ ಬರೀಲಿಲ್ಲ?" ಎಂದ.

"ಬರೆದ್ರೆ ನಿಮಗೆ ಬೇಜಾರಾಗುತ್ತೆ ಅಂತ." ಅವಳು ನಗಲು ನೋಡಿದಳು, ಆಗಲಿಲ್ಲ. "ಆ ಸಭೆಯಿಂದ ಬರುವಾಗ ತಂದದ್ದು ಆ ಒಂದು ಸಂಜೆ ಮಾತ್ರ. ಅದನ್ನೂ ವಾಪಸ್ ತಗೊಂಡ್ರಿ ನೀವು." ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಆಮೇಲೆ ಅವನ ಜೇಬಿನಿಂದ ಇಣುಕುತ್ತಿದ್ದ ಲಕೋಟೆ ನೋಡಿ ಕೈ ಚಾಚಿದಳು. ಅವನು ಕೊಟ್ಟ. ಮೊದಲ ಪುಟ ಬೇಗ ಬೇಗ ಓದಿದಳು. ಡಾಕ್ಟರ ಬೆಂಚಿನ ಹತ್ತಿರ "ಇದು ನಿಜ, ನಾನು ಮರೆತಿದ್ದೆ," ಎಂದು ತನಗೆ ತಾನೇ ಅಂದಳು. ಐದಕ್ಕೆ ಬಂದಾಗ ನಿಧಾನವಾಯಿತು. ಓದಿ ಮುಗಿಸಿ, ಇದ್ದ ಮಡಿಕೆಯಲ್ಲೇ ಮಡಚಿ ಹಿಂದಕ್ಕೆ ಕೊಟ್ಟಳು.

"ಸುಳ್ಳೇನೂ ಇಲ್ಲ," ಎಂದಳು. "ಹೋಗಿ ಕೊಡಿ. ಮೂರೂ ಮುಕ್ಕಾಲಾಯ್ತು."

"ಕೊಡಲ್ಲ."

"ಕೊಡಿ, ಬಿಡಿ. ನನಗೇನಾಗಬೇಕು? ಅಕ್ಕನಿಗೆ ಹೇಳಿದ್ದೀರಾ?"

ಅವನು ಲಕೋಟೆ ಜೇಬಿಗಿಟ್ಟು ಇನ್ನೊಂದು ಚಾದರದ ಮೂಲೆ ಹುಡುಕಿದ.

"ಎರಡು ವರ್ಷ," ಎಂದಳು ನಾದಿನಿ. ಮೊದಲ ಸಲ ಅವಳ ದನಿ ಒಡೆಯಿತು. "ಎರಡು ವರ್ಷ ನಾನು ಅಂದ್ಕೊಂಡಿದ್ದೀನಿ, ಅಕ್ಕನಿಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ನನಗೊಂದು ಮಾತು ಹೇಳಲಿಲ್ಲ ಅಂತ. ಅವಳು ಏನಂದ್ಕೊಂಡಿದ್ದಾಳೆ?"

"ನೀನು ಗೊತ್ತಿದ್ದೂ ಬಂದೆ ಅಂತ."

"ಅಯ್ಯೋ," ಎಂದಳು. ಸಣ್ಣ ಹುಡುಗಿಯಂತೆ, ಲೋಟ ಕೈಜಾರಿದಾಗ ಅನ್ನುವಂತೆ. ರಾಶಿಯ ಮೇಲೆ ಕೂತುಬಿಟ್ಟಳು.

"ರಾತ್ರಿ ಹೇಳ್ತೀನಿ," ಎಂದ ಅವನು. "ಮನೆಗೆ ಹೋದ ಕೂಡಲೇ..."

"ಟೀ ಮುಗಿದ ಮೇಲೆ," ಎಂದಳು ಅವಳು. ಕಿಟಕಿಯ ಕಟ್ಟೆಯ ಮೇಲಿದ್ದ ಫೋನನ್ನು ತೆಗೆದುಕೊಂಡಳು. ಹೆಬ್ಬೆರಳು ಹುಡುಕಬೇಕಾಗಲಿಲ್ಲ, ಹೆಸರು ಅವಳು ಅಳಿಸಿರಲಿಲ್ಲ. ಒತ್ತಿ, ಅವನ ಕೈಗೆ ಕೊಟ್ಟು, ಗೋಡೆ ಕಡೆ ಮುಖ ತಿರುಗಿಸಿ ಕೂತಳು. ಆಚೆ ಕಡೆ ಫೋನ್ ಹೊಡೆದುಕೊಳ್ಳತೊಡಗಿತು. ಎತ್ತದಿದ್ದರೆ ಸಾಕು ಎಂದು ಅವನಿಗೆ ಅನ್ನಿಸಿತು, ಸ್ಪಷ್ಟವಾಗಿಯೇ ಅನ್ನಿಸಿತು. ಐದನೆಯ ಸಲಕ್ಕೆ ಎತ್ತಿದರು. ಪರದೆಯ ಮೇಲೆ ಯಾರ ಹೆಸರು ಬಂದಿದೆಯೆಂದು ನೋಡಿಯೇ ಎತ್ತಿರಬೇಕು. ಉಸಿರಾಡುವುದು ಮಾತ್ರ ಕೇಳುತ್ತಿತ್ತು. ಆಮೇಲೆ ಹೆಂಡತಿಯ ದನಿ ಬಂತು, ಎರಡು ವರ್ಷದಿಂದ ಆ ಮನೆಯಲ್ಲಿ ಅವನು ಕೇಳಿರದ ದನಿ.

"ಚಿನ್ನೂ? ಊಟ ಆಯ್ತೇನೇ?"

"ನಾನು," ಎಂದ. "ಅವಳು ಇಲ್ಲೇ ಪಕ್ಕದಲ್ಲಿದ್ದಾಳೆ. ಮಾತಾಡುವಿಯಂತೆ. ಅದಕ್ಕೆ ಮೊದಲು... ಅವತ್ತು ಗುರುವಾರ ನಾನು ಅವಳ ಮನೆಗೆ ಹೋಗಿದ್ದೆನಲ್ಲ."

"ಹೂಂ, ಹೋಗಿದ್ರಿ," ಎಂದಳು ಹೆಂಡತಿ. "ಹೋಗಿ?"

"ಹೇಳಲಿಲ್ಲ ಕಣೆ."